ಆಗುಂಬೆಯ ಮಳೆಯೂ ಹಳೆಯ ವ್ಯಾನಿನ ವೈಪರೂ

ಆಗುಂಬೆ ಎಂದೊಡನೆ ಎಲ್ಲರಿಗೂ ನೆನಪಾಗುವುದು ಸೂರ್ಯಾಸ್ತ. ಡಿಸೆಂಬರ್, ಜನವರಿಯ ಸಂಜೆಗಳಲ್ಲಿ ಘಟ್ಟದ ಅಂಚಿನಲ್ಲಿ ನಿಂತು ಪಡುವಣಕ್ಕೆ ಜಾರುವ ಕೆಂಪು ಗೋಲವನ್ನು ನೋಡಲು ನಾಡಿನ ಮೂಲೆಮೂಲೆಗಳಿಂದ ಜನ ಬರುತ್ತಾರೆ. ಆದರೆ ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಈ ಊರಿನಲ್ಲಿ ಸೂರ್ಯನ ದರ್ಶನವೇ ಅಪರೂಪ. ಆಗ ಇಲ್ಲಿಗೆ ಬರುವವರು ನೋಡುವುದು ಮಳೆಯನ್ನು. ಅದನ್ನೂ ಬಹುಮಟ್ಟಿಗೆ ಬಸ್ಸು, ಕಾರು, ವ್ಯಾನುಗಳ ಗಾಜಿನ ಮೂಲಕವೇ ನೋಡುತ್ತಾರೆ. ಆ ಗಾಜಿನ ಮೇಲೆ ಎಡಕ್ಕೂ ಬಲಕ್ಕೂ ಆಡುವ ಎರಡು ರಬ್ಬರ್ ಪಟ್ಟಿಗಳತ್ತ ಯಾರ ಗಮನವೂ ಹೋಗುವುದಿಲ್ಲ. ಅವು ಕೆಟ್ಟು ನಿಂತಾಗಲೇ ಅವುಗಳ ಬೆಲೆ ತಿಳಿಯುವುದು.

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಈ ಪುಟ್ಟ ಊರು ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿ, ಪಶ್ಚಿಮಘಟ್ಟದ ತುತ್ತತುದಿಗೆ ಅಂಟಿಕೊಂಡಂತೆ ಇದೆ. ಊರು ದಾಟಿ ಒಂದಿಷ್ಟು ದೂರ ಹೋದರೆ ನೆಲವೇ ಮುಗಿದುಹೋಗಿ, ಕೆಳಗೆ ಕರಾವಳಿ ತೆರೆದುಕೊಳ್ಳುತ್ತದೆ. ಹೆಂಚಿನ ಮಾಡುಗಳ ಹಳೆಯ ಮನೆಗಳು, ನಾಲ್ಕಾರು ಹೋಟೆಲುಗಳು, ಒಂದು ಬಸ್ ನಿಲ್ದಾಣ. ಶಂಕರನಾಗ್ ಅವರು ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರೀಕರಿಸಿದ ದೊಡ್ಡಮನೆ ಇರುವುದು ಇಲ್ಲಿಯೇ. ಕಾಳಿಂಗ ಸರ್ಪದ ಅಧ್ಯಯನಕ್ಕೆ ಹೆಸರಾದ ಮಳೆಕಾಡು ಸಂಶೋಧನಾ ಕೇಂದ್ರವನ್ನು ರೋಮುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ್ದೂ ಇಲ್ಲಿಯೇ.

ಮಳೆಯ ಲೆಕ್ಕ

‘ದಕ್ಷಿಣದ ಚಿರಾಪುಂಜಿ’ ಎಂಬ ಬಿರುದು ಆಗುಂಬೆಗೆ ಸುಮ್ಮನೆ ಬಂದದ್ದಲ್ಲ. ಇಲ್ಲಿನ ವಾರ್ಷಿಕ ಸರಾಸರಿ ಮಳೆ 7,600 ಮಿ.ಮೀ.ನ ಆಸುಪಾಸು. ಬಿದ್ದ ನೀರು ಹರಿಯದೆ, ಇಂಗದೆ ನಿಂತಿದ್ದರೆ ವರ್ಷಾಂತ್ಯಕ್ಕೆ ಎರಡಂತಸ್ತಿನ ಮನೆ ಮುಳುಗುತ್ತಿತ್ತು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಇಲ್ಲಿ 4,508 ಮಿ.ಮೀ. ಮಳೆ ದಾಖಲಾಯಿತು. ದಿನಕ್ಕೆ ಸರಾಸರಿ 145 ಮಿ.ಮೀ. ಆಯಿತು! ಬೆಂಗಳೂರಿಗೆ ನಾಲ್ಕು ವರ್ಷಗಳಲ್ಲಿ ಬೀಳುವುದಕ್ಕಿಂತ ಹೆಚ್ಚಿನ ನೀರು ಆಗುಂಬೆಗೆ ಆ ಒಂದು ತಿಂಗಳಲ್ಲಿ ಬಿತ್ತು.

ಇದಕ್ಕೆ ಕಾರಣ ಘಟ್ಟದ ಗೋಡೆ. ಅರಬ್ಬೀ ಸಮುದ್ರದ ಮೇಲಿಂದ ತೇವ ಹೊತ್ತು ಬರುವ ನೈಋತ್ಯ ಮಾರುತಕ್ಕೆ ಕರಾವಳಿಯ ಬಯಲು ದಾಟಿದ ಕೂಡಲೇ ಈ ಕಡಿದಾದ ಗೋಡೆ ಎದುರಾಗುತ್ತದೆ. ಗಾಳಿ ಮೇಲೇರಲೇಬೇಕು. ಮೇಲೇರಿದಂತೆ ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ. ತಣಿದ ಗಾಳಿ ತನ್ನೊಳಗಿನ ನೀರಾವಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಮೋಡವಾಗಿ, ಮಳೆಯಾಗಿ ಇಳಿಸಿಬಿಡುತ್ತದೆ. ಗೋಡೆಯ ನೆತ್ತಿಯ ಮೇಲೆ ಕುಳಿತ ಆಗುಂಬೆಗೆ ಮೊದಲ ಪಾಲು.

ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ವಿದ್ಯಾರ್ಥಿಗಳು ಮನೆಯಲ್ಲೇ ಗುಣಿಸಿ ನೋಡಬಹುದಾದ ಲೆಕ್ಕ ಇದು. ಗಂಟೆಗೆ 50 ಮಿ.ಮೀ. ಬೀಳುವ ಜಡಿಮಳೆಯಲ್ಲಿ ನೆಲದ ಪ್ರತಿ ಚದರ ಮೀಟರಿಗೂ ಗಂಟೆಗೆ 50 ಲೀಟರ್. ಹಾಗಾದರೆ ಓಡುವ ವ್ಯಾನಿನ ನೆಟ್ಟಗೆ ನಿಂತ ಗಾಜಿಗೆ ಎಷ್ಟು? ಅದು ವ್ಯಾನಿನ ವೇಗವನ್ನು ಅವಲಂಬಿಸಿದೆ. ದೊಡ್ಡ ಮಳೆಹನಿ ಸೆಕೆಂಡಿಗೆ ಸುಮಾರು 8 ಮೀಟರ್ ವೇಗದಲ್ಲಿ ಬೀಳುತ್ತದೆ. ಗಂಟೆಗೆ 30 ಕಿ.ಮೀ. ಓಡುವ ವ್ಯಾನಿನ ವೇಗವೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಆ ವೇಗದಲ್ಲಿ ನೆಲಕ್ಕೆ ಬೀಳುವಷ್ಟೇ ನೀರು ಗಾಜಿಗೂ ಅಪ್ಪಳಿಸುತ್ತದೆ. ವೇಗ 60 ಕಿ.ಮೀ.ಗೆ ಏರಿದರೆ ನೀರೂ ಇಮ್ಮಡಿ, 15ಕ್ಕೆ ಇಳಿದರೆ ಅರ್ಧ. ಮಳೆಯಲ್ಲಿ ನಿಧಾನ ಹೋಗಿ ಎಂದು ಹಿರಿಯರು ಹೇಳುವ ಮಾತಿನ ಹಿಂದೆ ಬ್ರೇಕಿನ ಲೆಕ್ಕ ಮಾತ್ರವಲ್ಲ, ಈ ಲೆಕ್ಕವೂ ಇದೆ.

ಹದಿನಾಲ್ಕು ತಿರುವುಗಳ ದಾರಿ

ಆಗುಂಬೆಯಿಂದ ಕೆಳಗಿನ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಶಿವಮೊಗ್ಗ, ತೀರ್ಥಹಳ್ಳಿಯ ಕಡೆಯವರಿಗೆ ಉಡುಪಿ, ಮಣಿಪಾಲಗಳ ಕಾಲೇಜು, ಆಸ್ಪತ್ರೆಗಳಿಗೆ ಹೋಗಲು ಇದೇ ಹತ್ತಿರದ ದಾರಿ. ತಿರುವುಗಳು ಎಷ್ಟು ಇಕ್ಕಟ್ಟೆಂದರೆ ಈ ಮಾರ್ಗದಲ್ಲಿ ಬಹುಕಾಲದಿಂದ ಓಡುತ್ತಿರುವುದು ಮಿನಿ ಬಸ್ಸುಗಳೇ. ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬೀಳುವುದೂ ಉಂಟು. ಹೀಗಾಗಿ ಮಲೆನಾಡಿನಲ್ಲಿ ವ್ಯಾನಿಗೆ ವಿಶೇಷ ಸ್ಥಾನ. ಒಂದು ಕಾಲಕ್ಕೆ ಮೆಟಡಾರ್, ಆಮೇಲೆ 1984ರಲ್ಲಿ ಬಂದ ಮಾರುತಿ ವ್ಯಾನ್. ಓಮ್ನಿ ಎಂದು ಹೆಸರಾದ ಈ ಎರಡನೆಯದರ ತಯಾರಿಕೆ 2019ರಲ್ಲಿ ನಿಂತುಹೋದರೂ ಅಡಿಕೆ ಮೂಟೆ, ಮದುವೆಯ ದಿಬ್ಬಣ, ಶಾಲೆಯ ಮಕ್ಕಳು ಎಲ್ಲವನ್ನೂ ಹೊತ್ತು ಹಳೆಯ ಗಾಡಿಗಳು ಇನ್ನೂ ಓಡುತ್ತಿವೆ.

ಪುನರ್ವಸು ಮಳೆ ಹೊಯ್ಯುತ್ತಿದ್ದ ಒಂದು ಜುಲೈ ಬೆಳಿಗ್ಗೆ ಅಂಥದೊಂದು ಹಳೆಯ ವ್ಯಾನು ಶಿವಮೊಗ್ಗದಿಂದ ಹೊರಟಿತು. ಅಪ್ಪ, ಅಮ್ಮ, ಪಿಯುಸಿ ಮುಗಿಸಿ ಉಡುಪಿಯ ಕಾಲೇಜಿಗೆ ಸೇರಿದ್ದ ಮಗಳು. ಹಿಂದೆ ಹಾಸಿಗೆ, ಟ್ರಂಕು, ಬಕೆಟ್ಟು. ಮಧ್ಯಾಹ್ನ ಎರಡರೊಳಗೆ ಹಾಸ್ಟೆಲಿನಲ್ಲಿ ಹಾಜರಾಗಬೇಕಿತ್ತು. ಐವತ್ತು ದಾಟಿದ ಡ್ರೈವರ್ ತೀರ್ಥಹಳ್ಳಿಯವರು, ಘಾಟಿ ಇಳಿದು ಹತ್ತಿ ಪಳಗಿದವರು. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟಿದ್ದವು. ನಿಂತು ನೋಡಲು ಪುರುಸೊತ್ತಿರಲಿಲ್ಲ. ತೀರ್ಥಹಳ್ಳಿ ದಾಟಿ, ಗುಡ್ಡೇಕೇರಿ ಕಳೆದ ಮೇಲೆ ಮಳೆ ಬಲಿಯಿತು. ಆಗಲೇ ಡ್ರೈವರ್ ಎದುರಿನ ವೈಪರ್ ಒಮ್ಮೆ ತಡವರಿಸಿ, ಗಾಜಿನ ನಡುವೆ ನಿಂತುಬಿಟ್ಟಿತು. ಎಡಗಡೆಯದು ಮಾತ್ರ ತನ್ನ ಪಾಡಿಗೆ ತಾನು ಆಡುತ್ತಲೇ ಇತ್ತು.

ಕತ್ತು ಎಡಕ್ಕೆ ಚಾಚಿ, ಆಮೆಯ ನಡಿಗೆಯಲ್ಲಿ ಆಗುಂಬೆ ತಲುಪಿದ ಡ್ರೈವರ್ ಒಂದು ಅಂಗಡಿಯ ಮಾಡಿನ ಕೆಳಗೆ ವ್ಯಾನು ನಿಲ್ಲಿಸಿದರು. ಆಗ ಹನ್ನೊಂದೂವರೆ.

“ಎಡಗಡೇದು ಓಡ್ತಾ ಇದೆಯಲ್ರೀ, ನಿಧಾನಕ್ಕೆ ಇಳಿದುಬಿಡೋಣ. ಕೆಳಗೆ ಹೋದರೆ ಮಳೆ ಕಮ್ಮಿ ಇರುತ್ತೆ” ಎಂದರು ಅಪ್ಪ.

“ಇಲ್ಲ ಸಾರ್. ಘಾಟಿ ಇಳಿಯೋಕೆ ಅರ್ಧ ಗಂಟೆ ಬೇಕು. ಕಾಣದೆ ಇಳಿದ್ರೆ ಅರ್ಧ ನಿಮಿಷ ಸಾಕು. ನೀವು ಹಾಸ್ಟೆಲಿಗೆ ಫೋನ್ ಮಾಡಿ, ತಡ ಆಗುತ್ತೆ ಅಂತ ಹೇಳಿ” ಎಂದ ಡ್ರೈವರ್ ಸೀಟಿನಡಿಯಿಂದ ಸ್ಪ್ಯಾನರ್ ಚೀಲ ಎಳೆದರು.

ಅಪ್ಪನ ಮುಖ ಬಿಗಿಯಿತು. ಒಂದೇ ಸಮನೆ ಗಡಿಯಾರ ನೋಡುತ್ತಿದ್ದ ಅವರಿಗೆ ಇದು ಡ್ರೈವರನ ಹಟವೆಂದೇ ತೋರಿತು. ಅಮ್ಮ ಮಾತ್ರ “ಅವರು ಹೇಳೋದೇ ಸರಿ” ಎಂದು ಸುಮ್ಮನಾದರು.

ಗಾಜಿನ ಹಿಂದಿನ ಯಂತ್ರ

ವೈಪರ್ ಎಂದರೆ ಹೊರಗೆ ಕಾಣುವ ಕಡ್ಡಿ ಮತ್ತು ರಬ್ಬರ್ ಅಷ್ಟೇ ಅಲ್ಲ. ಗಾಜಿನ ಬುಡದಲ್ಲಿ, ತಗಡಿನ ಮರೆಯಲ್ಲಿ 12 ವೋಲ್ಟಿನ ಪುಟ್ಟ ಮೋಟಾರ್ ಇರುತ್ತದೆ. ಅದು ಗರಗರನೆ ತಿರುಗುವ ವೇಗವನ್ನು ಒಂದು ತಿರುಪು ಗಿಯರ್ ತಗ್ಗಿಸಿ, ಬಲವನ್ನು ಹೆಚ್ಚಿಸುತ್ತದೆ. ಕೊನೆಗೆ ಉಳಿಯುವುದು ನಿಮಿಷಕ್ಕೆ ಸುಮಾರು 45 ಸುತ್ತು. ಗಿಯರಿಗೆ ಕೂಡಿಸಿದ ಸಣ್ಣ ಕ್ರ್ಯಾಂಕು ಸುತ್ತು ಹೊಡೆದಾಗ, ಅದಕ್ಕೆ ಸಿಕ್ಕಿಸಿದ ಸರಳುಗಳು ಹಿಂದೆ ಮುಂದೆ ಆಡುತ್ತವೆ. ಸರಳಿನ ತುದಿಯಲ್ಲಿ ನೈಲಾನಿನ ಬಟ್ಟಲು. ಅದು ಲೋಹದ ಗುಂಡಿನ ಮೇಲೆ ಕೂರುತ್ತದೆ, ನಮ್ಮ ಭುಜದ ಕೀಲಿನಂತೆ. ಸರಳುಗಳ ಆಟಕ್ಕೆ ತಕ್ಕಂತೆ ಗಾಜಿನ ಬುಡದ ಎರಡು ಅಚ್ಚುಗಳು ಅರ್ಧ ತಿರುಗಿ, ಮರಳಿ ತಿರುಗುತ್ತವೆ. ಹಲ್ಲುಗಳಿರುವ ಆ ಅಚ್ಚುಗಳ ತಲೆಗೆ ವೈಪರ್ ತೋಳನ್ನು ನಟ್ಟು ಹಾಕಿ ಬಿಗಿದಿರುತ್ತಾರೆ. ಸುತ್ತುವ ಚಲನೆ ಆಡುವ ಚಲನೆಯಾಗುವ ಈ ಜಾಣ್ಮೆ ಹಳೆಯ ಹೊಲಿಗೆ ಯಂತ್ರದ ಕಾಲುಮಣೆಯಲ್ಲೂ ಇದೆ. ಅಲ್ಲಿ ಅದು ತಿರುಗುಮುರುಗು.

ಈ ಸರಪಳಿ ಗೊತ್ತಿದ್ದವರಿಗೆ ದೋಷ ಹುಡುಕುವುದು ಕಷ್ಟವಲ್ಲ. ಒಂದೊಂದೇ ಕೊಂಡಿಯನ್ನು ಪರೀಕ್ಷಿಸಿ, ಸರಿಯಿದ್ದುದನ್ನು ಬಿಟ್ಟು ಮುಂದೆ ಹೋಗಬೇಕು. ಡ್ರೈವರ್ ಮಾಡಿದ್ದೂ ಅದನ್ನೇ.

“ತಂಗೀ, ಸ್ವಿಚ್ ಹಾಕು ನೋಡನ” ಎಂದರು. ಮೋಟಾರಿನ ಸದ್ದು ಕೇಳಿಸಿತು. ಎಡ ವೈಪರ್ ಆಡಿತು. “ಏನು ಗೊತ್ತಾಯ್ತು ಹೇಳು?”

ಹುಡುಗಿ ಯೋಚಿಸಿದಳು. “ಫ್ಯೂಸ್, ಸ್ವಿಚ್, ಮೋಟಾರ್ ಎಲ್ಲಾ ಸರಿ ಇದೆ ಅಂಕಲ್. ಕರೆಂಟಿಂದಲ್ಲ ತೊಂದರೆ.”

“ಹಾಂ. ಹಾಗಾದ್ರೆ ಉಳಿದಿದ್ದು ಎರಡೇ.”

ಸ್ವಿಚ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ ಮೇಲೆಯೇ ಅವರು ಕೆಲಸಕ್ಕೆ ಕೈ ಹಾಕಿದ್ದು. ಮರೆತು ಯಾರಾದರೂ ಸ್ವಿಚ್ ಒತ್ತಿದರೆ ಸರಳುಗಳ ನಡುವೆ ಬೆರಳು ಸಿಕ್ಕಿ ಜಜ್ಜಿಹೋಗುತ್ತದೆ. ಬಲ ತೋಳಿನ ಬುಡದ ಮುಚ್ಚಳ ತೆಗೆದು ನೋಡಿದರು. ನಟ್ಟು ಭದ್ರವಾಗಿತ್ತು. ನಟ್ಟು ಸಡಿಲವಾಗಿದ್ದರೆ ಒಳಗಿನ ಅಚ್ಚು ತಿರುಗುತ್ತದೆ, ತೋಳು ಮಾತ್ರ ನಿಂತಿರುತ್ತದೆ. ಇಲ್ಲಿ ತೋಳನ್ನು ಕೈಯಿಂದ ಮೆಲ್ಲನೆ ದೂಡಿದರೆ ಅಚ್ಚೂ ಜೊತೆಗೇ ಸಲೀಸಾಗಿ ತಿರುಗಿತು. ಅಂದರೆ ಅದನ್ನು ಹಿಡಿದೆಳೆಯುವ ಸರಳೇ ಕಳಚಿಕೊಂಡಿದೆ. ಗಾಜಿನ ಬುಡದ ಒಳಭಾಗಕ್ಕೆ ಕೈ ತೂರಿಸಿ ತಡಕಿದಾಗ ಸರಳಿನ ತುದಿ ಜೋತಾಡುತ್ತಿದ್ದುದು ಸಿಕ್ಕಿತು. ನೈಲಾನ್ ಬಟ್ಟಲು ಸವೆದು ಅಗಲವಾಗಿ, ಗುಂಡಿನಿಂದ ಜಾರಿಬಿಟ್ಟಿತ್ತು.

ಆಗುಂಬೆಯಲ್ಲಿ ಆ ಬಿಡಿಭಾಗ ಎಲ್ಲಿಂದ ತರುವುದು? ಹತ್ತಿರದ ಅಂಗಡಿಯಲ್ಲಿ ಹಳೆಯ ಸೈಕಲ್ ಟ್ಯೂಬಿನ ತುಂಡು, ಸ್ವಲ್ಪ ಕಟ್ಟುತಂತಿ ಸಿಕ್ಕಿತು. ಟ್ಯೂಬಿನ ಸಣ್ಣ ಚೂರನ್ನು ಬಟ್ಟಲೊಳಗೆ ಹಾಸಿ, ಗುಂಡಿನ ಮೇಲೆ ಒತ್ತಿ ಕೂರಿಸಿ, ಹೊರಗಿನಿಂದ ತಂತಿಯಲ್ಲಿ ಅಡ್ಡಡ್ಡ ಬಿಗಿದರು. ಹುಡುಗಿ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಟಾರ್ಚು ಹಿಡಿದಿದ್ದಳು. ಮಳೆ ಛತ್ರಿಗೆ ಕೇಳುತ್ತಿರಲಿಲ್ಲ. ಇಬ್ಬರೂ ಅರ್ಧ ತೋಯ್ದಿದ್ದರು. ಮುಕ್ಕಾಲು ಗಂಟೆಯ ಮೇಲೆ ಸ್ವಿಚ್ ಹಾಕಿದಾಗ ಎರಡೂ ವೈಪರ್‌ಗಳು ಜೊತೆಯಾಗಿ ಎದ್ದವು. ಡ್ರೈವರ್ ಕೂಡಲೇ ಹೊರಡಲಿಲ್ಲ. ಅಲ್ಲೇ ನಿಂತು ಐದು ನಿಮಿಷ ಓಡಿಸಿ, ತಂತಿ ಮತ್ತೊಮ್ಮೆ ಮುಟ್ಟಿ ನೋಡಿ, ಬಳಿಕವೇ ಗಾಡಿ ಹೊರಡಿಸಿದರು. ವೈಪರಿನ ವೇಗವನ್ನು ಕೊನೆಯವರೆಗೂ ಹೆಚ್ಚಿಸಲಿಲ್ಲ.

ಘಾಟಿಯ ನೆತ್ತಿಯಲ್ಲಿ ಮೋಡ ರಸ್ತೆಯ ಮೇಲೇ ಮಲಗಿತ್ತು. ಹೆಡ್‌ಲೈಟ್ ಹಾಕಿ, ಕೆಳಗಿನ ಗಿಯರಿನಲ್ಲಿ ವ್ಯಾನು ಇಳಿಯತೊಡಗಿತು. ಎಡಕ್ಕೆ ಬಂಡೆಯಿಂದ ಧುಮುಕುವ ತೊರೆಗಳು, ಬಲಕ್ಕೆ ಬಿಳಿಯ ಶೂನ್ಯ. ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಮಂಜಿನೊಳಗಿಂದ ಮಿನಿ ಬಸ್ಸೊಂದರ ಮುಖ ಹಠಾತ್ತನೆ ಎದುರಿಗೆ ಮೂಡಿತು. ಇಕ್ಕಟ್ಟಿನ ಬೆಟ್ಟದ ರಸ್ತೆಯಲ್ಲಿ ಮೇಲೇರುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕು ಎಂಬುದು ನಿಯಮ. ಡ್ರೈವರ್ ಬದಿಗೆ ಸರಿದು ನಿಂತರು. ಬಸ್ಸು ಒಂದು ಮಾರಿನಷ್ಟು ಅಂತರದಲ್ಲಿ ಉಸಿರುಗರೆಯುತ್ತ ದಾಟಿ ಹೋಯಿತು. ಅದು ಕಂಡದ್ದು ಬಲಗಡೆಯ ಗಾಜಿನಲ್ಲಿ, ರಿಪೇರಿಯಾದ ವೈಪರ್ ಒರೆಸಿಟ್ಟ ಜಾಗದಲ್ಲಿ. ಅಪ್ಪ ಆಮೇಲೆ ಗಡಿಯಾರ ನೋಡಲಿಲ್ಲ. ಸೋಮೇಶ್ವರದಲ್ಲಿ ವ್ಯಾನು ನಿಂತಾಗ ಅವರೇ ಮೊದಲು ಇಳಿದು, “ಬನ್ನಿ, ಕಾಫಿ ಕುಡಿಯೋಣ” ಎಂದು ಡ್ರೈವರನ್ನು ಕರೆದರು.

ಹಾಸ್ಟೆಲ್ ತಲುಪಿದಾಗ ಮೂರು ಗಂಟೆ. ಮೊದಲೇ ಫೋನ್ ಹೋಗಿದ್ದರಿಂದ ಯಾರೂ ಏನೂ ಅನ್ನಲಿಲ್ಲ. ಉಡುಪಿಯಲ್ಲೇ ಹೊಸ ಸರಳು ಹಾಕಿಸಿಕೊಂಡ ಮೇಲೆ ವ್ಯಾನು ಮರುದಿನ ಘಾಟಿ ಹತ್ತಿತು.

ರೋಗ ಹಲವು, ಲಕ್ಷಣವೂ ಹಲವು

ಸರಳು ಕಳಚುವುದು ವೈಪರಿನ ರೋಗಗಳಲ್ಲಿ ಒಂದು ಮಾತ್ರ. ಹೆಚ್ಚು ಸಾಮಾನ್ಯವಾದದ್ದು ರಬ್ಬರಿನ ಮುಪ್ಪು. ಬೇಸಿಗೆಯಿಡೀ ಬಿಸಿಲಿನಲ್ಲಿ ಕಾದ ರಬ್ಬರ್ ಗಡುಸಾಗುತ್ತದೆ. ವೈಪರ್ ದಿಕ್ಕು ಬದಲಿಸಿದಾಗಲೆಲ್ಲ ರಬ್ಬರಿನ ಅಂಚು ಮಗ್ಗುಲು ಬದಲಿಸಿ ಬಾಗಬೇಕು. ಗಡುಸಾದದ್ದು ಬಾಗದೆ ಕಟಕಟ ಎಂದು ಕುಪ್ಪಳಿಸುತ್ತದೆ. ಗಾಜಿನ ಮೇಲೆ ಗೆರೆ ಉಳಿದರೆ ರಬ್ಬರಿನ ಅಂಚು ಹರಿದಿದೆ, ಇಲ್ಲವೇ ಕೊಳೆ ಅಂಟಿದೆ ಎಂದರ್ಥ. ಒಂದೇ ಜಾಗ ಒದ್ದೆ ಉಳಿದರೆ ತೋಳಿನ ಸ್ಪ್ರಿಂಗ್ ಸಡಿಲಾಗಿದೆ ಅಥವಾ ರಬ್ಬರ್ ಹಿಡಿದಿಡುವ ಚೌಕಟ್ಟು ಸೊಟ್ಟಗಾಗಿದೆ. ಎರಡೂ ವೈಪರ್ ನಿಧಾನವಾದರೆ ಅಚ್ಚುಗಳು ತುಕ್ಕು ಹಿಡಿದಿರಬಹುದು. ಶುಚಿ ಮಾಡಿ ಎಣ್ಣೆ ಬಿಟ್ಟರೆ ಸಾಕು. ಸ್ವಿಚ್ ಆರಿಸಿದಾಗ ಬುಡಕ್ಕೆ ಬಂದು ಮಲಗದೆ ಕಂಡಲ್ಲಿ ನಿಂತರೆ ಮೋಟಾರಿನೊಳಗಿನ ನಿಲುಗಡೆ ಸ್ವಿಚ್ಚಿನ ತೊಂದರೆ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಬೇಕು. ಸುಟ್ಟ ಫ್ಯೂಸಿನ ಬದಲು ಸಿಗರೇಟಿನ ಬೇಗಡೆ, ತಂತಿಯ ಎಳೆ ಸಿಕ್ಕಿಸುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ.

ವೈಪರ್ ಕೈಕೊಟ್ಟಾಗ ಹಳೆಯ ಡ್ರೈವರುಗಳು ಬೀಡಿಯ ಹೊಗೆಸೊಪ್ಪನ್ನೋ ಆಲೂಗಡ್ಡೆಯ ಹೋಳನ್ನೋ ಗಾಜಿಗೆ ಉಜ್ಜುವುದುಂಟು. ಇದು ಮೂಢನಂಬಿಕೆಯಲ್ಲ. ಗಾಜಿನ ಮೇಲೆ ಗುಂಡಾಗಿ ನಿಂತ ಪ್ರತಿ ಹನಿಯೂ ಒಂದೊಂದು ಮಸೂರ. ಅದು ಬೆಳಕನ್ನು ಎತ್ತೆತ್ತಲೋ ಬಾಗಿಸಿ ದೃಶ್ಯವನ್ನು ಒಡೆದುಬಿಡುತ್ತದೆ. ಉಜ್ಜಿದ ರಸದ ಲೇಪ ನೀರು ಹನಿಗಟ್ಟದೆ ತೆಳುವಾಗಿ ಹರಡುವಂತೆ ಮಾಡುತ್ತದೆ. ತೆಳುವಾದ ಸಮನಾದ ಪೊರೆಯ ಮೂಲಕ ನೋಟ ಸಾಗುತ್ತದೆ. ವೈಪರ್ ಮಾಡುವುದೂ ಇದನ್ನೇ: ಗಾಜನ್ನು ಒಣಗಿಸುವುದಿಲ್ಲ, ನೀರನ್ನು ಸಮಗೊಳಿಸುತ್ತದೆ. ಆದರೆ ಆಗುಂಬೆಯ ಮಳೆ ಆ ಲೇಪವನ್ನು ಬೇಗನೆ ತೊಳೆದುಬಿಡುತ್ತದೆ. ಬದಿಗೆ ಸರಿದು ನಿಲ್ಲುವಷ್ಟು ದೂರಕ್ಕೆ ಅದು ಸಾಕು, ಘಾಟಿ ಇಳಿಯಲು ಸಾಲದು.

ಇನ್ನು ಗಾಜಿನ ಒಳಮೈಗೆ ಕಟ್ಟುವ ಮಬ್ಬು. ಅದು ಮಳೆಯಲ್ಲ, ಪ್ರಯಾಣಿಕರ ಉಸಿರು. ಕಿಟಕಿಗಳನ್ನೆಲ್ಲ ಮುಚ್ಚಿ ಆರೇಳು ಮಂದಿ ಕುಳಿತರೆ ಉಸಿರಿನ ತೇವ ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟುತ್ತದೆ. ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಟ್ಟರೆ ಅರ್ಧ ತೊಂದರೆ ನೀಗುತ್ತದೆ.

ಟ್ರಾಮಿನಲ್ಲಿ ಹುಟ್ಟಿದ ಉಪಾಯ

ವೈಪರ್ ಹುಟ್ಟಿದ್ದೂ ಒಂದು ಪ್ರಯಾಣದಲ್ಲೇ. ಅಮೆರಿಕದ ಅಲಬಾಮಾ ರಾಜ್ಯದ ಮೇರಿ ಆ್ಯಂಡರ್ಸನ್ ಎಂಬಾಕೆ ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ, ಹಿಮ ಬೀಳುತ್ತಿದ್ದರೂ ದಾರಿ ಕಾಣಲೆಂದು ಟ್ರಾಮಿನ ಚಾಲಕ ಎದುರಿನ ಕಿಟಕಿ ತೆರೆದುಕೊಂಡು ಚಳಿಯಲ್ಲಿ ನಡುಗುವುದನ್ನು ಕಂಡರು. ಒಳಗಿನಿಂದಲೇ ಹಿಡಿಕೆ ತಿರುಗಿಸಿ ಹೊರಗಿನ ಗಾಜು ಒರೆಸುವ ಸಾಧನಕ್ಕೆ 1903ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಅದರಿಂದ ಅವರಿಗೆ ಹಣವೇನೂ ಬರಲಿಲ್ಲ. ಎಲ್ಲರೂ ಕಂಡು ಸುಮ್ಮನಿದ್ದ ಕಷ್ಟವನ್ನು ಒಬ್ಬಾಕೆ ಗಮನಿಸಿದ್ದರಿಂದ ಲೋಕಕ್ಕೆ ಉಪಕಾರವಾಯಿತು. ವಿಜ್ಞಾನ ಓದುವ ಮಕ್ಕಳು ನೆನಪಿಡಬೇಕಾದ ಸಂಗತಿ ಇದು.

ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಗಾಜಿರುವ ವಾಹನಕ್ಕೆ ಸಮರ್ಥವಾದ ವೈಪರ್ ಇರಲೇಬೇಕೆಂದು ಹೇಳುತ್ತವೆ. ಆದರೆ ನಿಯಮ ಪುಸ್ತಕದಲ್ಲಿರುತ್ತದೆ, ಮಳೆ ರಸ್ತೆಯಲ್ಲಿರುತ್ತದೆ. ಮಕ್ಕಳನ್ನು ಶಾಲಾ ವ್ಯಾನಿಗೆ ಹತ್ತಿಸುವ ತಂದೆತಾಯಿಯರು ಬಾಡಿಗೆ, ಹೊತ್ತು, ದಾರಿ ಎಲ್ಲವನ್ನೂ ವಿಚಾರಿಸುತ್ತಾರೆ. ವೈಪರ್ ಓಡುತ್ತದೆಯೇ ಎಂದು ಕೇಳುವವರು ವಿರಳ. ಕೇಳಲು ಸಂಕೋಚಪಡಬೇಕಿಲ್ಲ. ಮಳೆ ಜೋರಾದಾಗ ಬದಿಗೆ ನಿಲ್ಲಿಸಿ ತಡವಾಗಿ ಬರುವ ಡ್ರೈವರಿಗೆ ಗದರದಿರುವುದೂ ಅಷ್ಟೇ ಮುಖ್ಯ.

ಆಗುಂಬೆಯ ಜನ ಮಳೆಗಾಲಕ್ಕೆ ಏಪ್ರಿಲ್, ಮೇ ತಿಂಗಳಲ್ಲೇ ಸಿದ್ಧರಾಗುತ್ತಾರೆ. ಸೌದೆ ಒಟ್ಟುತ್ತಾರೆ, ಹೆಂಚು ಕೈಯಾಡಿಸುತ್ತಾರೆ, ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಿ ತುಂಬುತ್ತಾರೆ. ಹಳೆಯ ವ್ಯಾನು ಇಟ್ಟುಕೊಂಡವರು ಆ ಪಟ್ಟಿಗೆ ಇನ್ನೊಂದು ಕೆಲಸ ಸೇರಿಸಿಕೊಳ್ಳಲಿ. ಮೃಗಶಿರ ಮಳೆ ಹಿಡಿಯುವ ಮೊದಲೇ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಗಾಜಿಗೆ ಒಂದು ಚೊಂಬು ನೀರು ಸುರಿದು, ವೈಪರಿನ ಸ್ವಿಚ್ ಹಾಕಿ ನೋಡಲಿ.